ಮೇಲಕ್ಕೆ ಏನು ಬೀಳುತ್ತೆ?

ಮುಚ್ಚಳ ಡಬ್ ಎಂದು ಹಾರಿ, ಬಾಟಲಿಯಲ್ಲಿದ್ದ ಕಿತ್ತಳೆ ಸೋಡಾ ಭಾವನ ಕಾರಿನ ಚಾವಣಿಗೆ ಅಪ್ಪಳಿಸಿತು. ಸೀಟಿಗೆ ಒಂದು ಹನಿಯೂ ಬೀಳಲಿಲ್ಲ. ಬಿದ್ದಿದ್ದರೂ ಚಿಂತೆಯಿರಲಿಲ್ಲ, ಕೊಂಡ ದಿನ ಸೀಟಿನ ಮೇಲಿದ್ದ ಪ್ಲಾಸ್ಟಿಕ್ಕು ಒಂಬತ್ತು ವರ್ಷದಿಂದ ಹಾಗೇ ಇತ್ತು. ಕಾಲಡಿಗೆ ರಬ್ಬರ್ ಹಾಸು, ಅದರ ಮೇಲೆ ಹಳೆ ಪೇಪರು. ಚಪ್ಪಲಿ ಬಿಟ್ಟು ಹತ್ತಬೇಕು, ನೀರು ಕುಡಿಯಬೇಕಾದರೂ ಇಳಿದು ಕುಡಿಯಬೇಕು. ಆ ಕಾರಿನಲ್ಲಿ ಭಾವ ಮುಚ್ಚದೆ ಬಿಟ್ಟಿದ್ದು ಚಾವಣಿಯೊಂದನ್ನೇ. ಮೇಲಕ್ಕೆ ಏನು ಬೀಳುತ್ತೆ ಎಂದುಕೊಂಡಿದ್ದರು, ಪಾಪ.

ಬಾಟಲಿ ಹಿಡಿದಿದ್ದ ಭಾಮೈದನ ಜೀವ ಬಾಯಿಗೆ ಬಂತು. ಮರುದಿನ ಬೆಳಿಗ್ಗೆ ಅವನ ಡ್ರೈವಿಂಗ್ ಪರೀಕ್ಷೆ, ಅದೂ ಮೂರನೇ ಸಲ. ಅಕ್ಕ ಹಟ ಹಿಡಿದಿದ್ದಕ್ಕೆ ಭಾವ ಈ ಭಾನುವಾರ ಅಭ್ಯಾಸಕ್ಕೆಂದು ಕಾರು ಕೊಟ್ಟಿದ್ದರು; ಪರೀಕ್ಷೆಗೂ ಇದೇ ಕಾರು. ಕಲೆ ಕಣ್ಣಿಗೆ ಬಿತ್ತೋ, ಕೀಲಿಕೈ ವಾಪಸ್. ಅವನು ಕರ್ಚೀಫು ತೆಗೆದು ಗಸಗಸ ಉಜ್ಜಿದ. ಅಂಗೈಯಷ್ಟಿದ್ದ ಕಲೆ ಊಟದ ತಟ್ಟೆಯಷ್ಟಾಯಿತು.

ಟಯರ್ ಅಂಗಡಿಗಳ ಸಾಲಿನಲ್ಲಿ ಕಾರಿನ ಸೀಟು, ಚಾವಣಿ ತೊಳೆದುಕೊಡುವ ಹೆಂಗಸೊಬ್ಬಳಿದ್ದಳು. ಅವಳು ಕತ್ತೆತ್ತಿ ನೋಡಿ ಕೇಳಿದಳು.

"ಉಜ್ಜಿದ್ರಾ?"

"ಸ್ವಲ್ಪ."

"ಎಲ್ರೂ ಸ್ವಲ್ಪಾನೇ ಉಜ್ಜಿರ್ತಾರೆ. ಈ ಬಟ್ಟೆ ಬರೀ ಅಂಟಿನ ಮೇಲೆ ನಿಂತಿರೋದು ಸ್ವಾಮಿ. ನೆನೆದ್ರೆ ಜೋತು ಬೀಳತ್ತೆ. ಆಮೇಲೆ ಸೊಳ್ಳೆ ಪರದೆ ಒಳಗೆ ಕೂತ್ಕೊಂಡು ಓಡಿಸ್ಬೇಕು."

ಮುಂದಿನ ಸೀಟನ್ನು ಹಿಂದಕ್ಕೆ ಬಾಗಿಸಿ ಅವಳು ಅಂಗಾತ ಮಲಗಿದಳು. ನೊರೆಯನ್ನು ಚಾವಣಿಗೆ ಹಾಕದೆ ಕೈಯಲ್ಲಿದ್ದ ಬಟ್ಟೆಗೆ ಹಾಕಿ, ಕೂಸಿನ ಮುಖ ಒರೆಸುವ ಹಾಗೆ ಒಂದೇ ಕಡೆಗೆ ಒತ್ತಿ ಒತ್ತಿ ಒರೆಸಿದಳು. ಹತ್ತು ನಿಮಿಷಕ್ಕೆ ಕಲೆ ಮಾಯ. ಆದರೆ ಆ ಜಾಗ ಹೊಸ ಬನಿಯನ್ನಿನಂತೆ ಬೆಳ್ಳಗೆ ಹೊಳೆಯತೊಡಗಿತು. ಸುತ್ತಲೂ ಒಂಬತ್ತು ವರ್ಷದ ಧೂಳು.

"ಅಯ್ಯೋ, ಇದು ಕಲೆಗಿಂತ ಜೋರಾಗಿ ಕಾಣ್ತಿದೆಯಲ್ರೀ!"

"ಕಾಣ್ದೆ ಏನ್ಮಾಡತ್ತೆ? ಪೂರ್ತಿ ಮಾಡ್ಲಾ?"

ಮಾಡಿ ಎನ್ನದೆ ಬೇರೆ ದಾರಿ ಏನಿತ್ತು? ಅವಳು ಒರೆಸುತ್ತ ಒರೆಸುತ್ತ ಹಿಂದಿನ ಸೀಟಿಗೆ ಹೋದಳು. ಅಲ್ಲಿ ಕೈ ನಿಂತಿತು.

"ಇದ್ಯಾರ್ದು?"

ಅವನು ಬಗ್ಗಿ ನೋಡಿದ. ಚಾವಣಿಯ ಮೇಲೆ ಎರಡು ಪಾದಗಳು. ಅಕ್ಕಪಕ್ಕದಲ್ಲಿ, ನೆಟ್ಟಗೆ, ಹಿಮ್ಮಡಿ ಸಮೇತ. ಎಡಗಾಲಿಗೆ ನಾಲ್ಕೇ ಬೆರಳಿನ ಗುರುತು. ಕಿರುಬೆರಳು ಪಕ್ಕದ್ದರ ಬೆನ್ನೇರಿ ಕೂತಿರುವ ಕಾಲು ಅವರ ಮನೆಯಲ್ಲಿ ಒಂದೇ ಇತ್ತು, ಭಾವನದು.

ಅವನಿಗೆ ಎಲ್ಲ ಹೊಳೆಯಿತು. ಪ್ರತಿ ಭಾನುವಾರ ಊಟವಾಗಿ ಅಕ್ಕ ಪಾತ್ರೆಯ ರಾಶಿಯ ಮುಂದೆ ನಿಂತಳೆಂದರೆ, ಭಾವ ಹೆಗಲಿಗೊಂದು ಬಟ್ಟೆ ಹಾಕಿಕೊಂಡು "ಕಾರು ಒರೆಸಿ ಬರ್ತೀನಿ" ಎಂದು ಹೊರಡುತ್ತಿದ್ದರು. ಎರಡು ಗಂಟೆ ಬಿಟ್ಟು ಬರುವಾಗ ಅಂಗಿಯ ಬೆನ್ನೆಲ್ಲ ಒದ್ದೆ. ಎಷ್ಟು ದುಡೀತಾರೆ ಎಂದು ಅಕ್ಕ ಓಡಿಹೋಗಿ ಫ್ಯಾನು ಹಾಕುತ್ತಿದ್ದಳು.

"ಒರೆಸ್ಲಾ?" ಎಂದಳು ಹೆಂಗಸು.

"ಬೇಡ. ಸುತ್ತ ಒರೆಸಿ. ಇದು ಹಾಗೇ ಇರ್ಲಿ."

ಅವತ್ತೂ ಊಟವಾದ ಮೇಲೆ ಭಾವ ಬಟ್ಟೆ ಹಿಡಿದು ಹೊರಟರು. ಭಾಮೈದ ಹಿಂದೆಯೇ ಹೋದ. ಕಾರಿನ ಬಾಗಿಲು ತೆಗೆದದ್ದೇ ತಡ, ಭಾವನ ಮೂಗು ಅರಳಿತು.

"ಏನೋ ಇದು ಸೋಪಿನ ವಾಸನೆ? ಚಾವಣಿ ಯಾಕೋ ಇಷ್ಟು ಬೆಳ್ಳಗಿದೆ? ಏನು ಚೆಲ್ಲಿದೆ, ಬೊಗಳು!"

ಭಾಮೈದ ಹಿಂದಿನ ಸೀಟಿನ ಮೇಲ್ಗಡೆಗೆ ಬೆರಳು ತೋರಿಸಿದ. ಬೆಳ್ಳನೆಯ ಬಟ್ಟೆಯ ಮೇಲೆ ಎರಡು ಪಾದಗಳು ಈಗ ತಾನೇ ಯಾರೋ ತಲೆಕೆಳಗಾಗಿ ನಡೆದು ಹೋದ ಹಾಗೆ ಎದ್ದು ಕಾಣುತ್ತಿದ್ದವು.

"ಅದನ್ನ ಬೇಕಂತ್ಲೇ ಒರೆಸದೆ ಹಾಗೇ ಬಿಡ್ಸಿದೀನಿ ಭಾವ."

ಭಾವ ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಾಳೆ ಎಷ್ಟೊತ್ತಿಗೆ ಪರೀಕ್ಷೆ?"

"ಒಂಬತ್ತಕ್ಕೆ."

"ಎಂಟಕ್ಕೇ ತಗೊಂಡು ಹೋಗಪ್ಪಾ. ಪೆಟ್ರೋಲ್ ನಾನೇ ತುಂಬಿಸಿಡ್ತೀನಿ."

ವ್ಯವಹಾರ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೊದಲಿನ ಕೂಗಾಟ ಕೇಳಿ ಅಕ್ಕ ಸೋಪಿನ ಕೈಯಲ್ಲೇ ಹೊರಗೆ ಬಂದಾಗಿತ್ತು. ಅವಳು ಇಬ್ಬರನ್ನೂ ಸರಿಸಿ ಕಾರಿನೊಳಗೆ ತಲೆ ಹಾಕಿದಳು. ಮೇಲೆ ನೋಡಿದಳು. ಬೆರಳು ಎಣಿಸಿದಳು.

ಅಕ್ಕ ಗಂಡನ ಹೆಗಲಿನ ಬಟ್ಟೆ ಎಳೆದು ಕೈ ಒರೆಸಿಕೊಂಡಳು. ನಿಯಮದ ಪ್ರಕಾರ ಚಪ್ಪಲಿ ಹೊರಗೆ ಬಿಟ್ಟಳು. ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿ, ಎರಡೂ ಕಾಲೆತ್ತಿ ಗಂಡನ ಪಾದಗಳ ಪಕ್ಕದಲ್ಲೇ ಊರಿದಳು.

"ಹೂಂ, ಆರಾಮಾಗೇ ಇದೆ," ಎಂದು ಚಾವಣಿಗೆ ಹೇಳಿದಳು. "ಕುಕ್ಕರ್ ತಳ ಹಿಡ್ದಿದೆ, ಚೆನ್ನಾಗಿ ಉಜ್ಜಿ. ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗಿ."

ಸಿಂಕಿನ ಮುಂದಿನ ಕಿಟಕಿಯಿಂದ ಕಾರು ಕಾಣುತ್ತಿತ್ತು. ಅದರ ಗಾಜಿನಾಚೆ ಚಾವಣಿಗೆ ಊರಿದ ಎರಡು ಪುಟ್ಟ ಪಾದಗಳು. ಭಾವ ಕುಕ್ಕರ್ ಹಿಡಿದು ಅತ್ತಲೇ ನೋಡುತ್ತ ನಿಂತುಬಿಟ್ಟರು. ಅವರ ಮುಖ ನೋಡಿ ಭಾಮೈದನಿಗೆ ನಿಜಕ್ಕೂ ಅಯ್ಯೋ ಅನಿಸಿತು.

"ಚಾವಣಿ ಚಿಂತೆ ಬಿಡಿ ಭಾವ. ಒರೆಸೋಳ ನಂಬರ್ ಇದೆ ನನ್ಹತ್ರ."

"ಅದಲ್ವೋ," ಎಂದರು ಭಾವ. "ಪ್ಲಾಸ್ಟಿಕ್ ಕಿತ್ತು ಮಲ್ಕೋ ಅಂತ ಅವಳಿಗೆ ಹೇಳ್ಬೇಕಿತ್ತು. ಬೆನ್ನಿಗೆ ಅಂಟ್ಕೊಂಡು ಪ್ರಾಣ ತಿನ್ನತ್ತೆ."