ಎರಡು ಬಸ್ಸುಗಳ ಬೀಗತನ

ಮಗಳು ಪೆಟ್ಟಿಗೆ ಹಿಡಿದು ಅಪ್ಪನ ಬಸ್ ಕಂಪನಿಯ ಆಫೀಸಿಗೆ ನುಗ್ಗಿದಾಗ ಅವಳ ಎಡಗೆನ್ನೆ ಊದಿ ಬನ್ನಿನಂತಾಗಿತ್ತು. ಅಪ್ಪ ತಲೆ ಎತ್ತಿ ನೋಡಿ ಕೇಳಿದ ಮೊದಲ ಮಾತು: "ಬೀಗರ ಬಸ್ಸಲ್ಲೇ ಬಂದೆ ತಾನೆ?"

"ನಿಮ್ಮ ಅಳಿಯ ಹೊಡೆದರು ಅಪ್ಪಾ. ಇದು ಮೂರನೇ ಸಲ. ನಾನು ವಾಪಸ್ ಹೋಗಲ್ಲ."

ಅಪ್ಪ ಟೀ ಲೋಟ ಕುಕ್ಕಿ ಬೀಗರಿಗೆ ಫೋನು ಮಾಡಲು ಎದ್ದ. ಏಳದೆ ಇನ್ನೇನು! ಈ ಮದುವೆಗೆ ಮುಂಚೆ ಅಪ್ಪನ ಬಸ್ಸೂ ಬೀಗರ ಬಸ್ಸೂ ಓಡುವ ದಾರಿಯಲ್ಲಿ ನಡೆಯುತ್ತಿದ್ದುದು ಮಹಾಯುದ್ಧ. ಒಬ್ಬ ಮುದುಕಿಯನ್ನು ಎರಡು ಕಂಪನಿಯ ಕಂಡಕ್ಟರುಗಳು ಒಂದೊಂದು ಕೈ ಹಿಡಿದು ಎಳೆದ ಎಳೆತಕ್ಕೆ ಅವಳು ಅರ್ಧ ಗೇಣು ಉದ್ದವಾಗಿದ್ದಳು. ಸುಳ್ಳಾದರೆ ಅವಳನ್ನೇ ಕೇಳಿ. ಕೊನೆಗೆ ರಾಜಮಹಾರಾಜರು ಮಾಡುತ್ತಿದ್ದುದನ್ನೇ ಇವರೂ ಮಾಡಿದರು. ಹೆಣ್ಣು ಕೊಟ್ಟರು, ಯುದ್ಧ ನಿಂತಿತು. ಬಸ್ಸಿಗೂ ಬಸ್ಸಿಗೂ ಹದಿನೈದು ನಿಮಿಷದ ಅಂತರ ಬರೆದ ಟೈಮಿಂಗ್ ಹಾಳೆಗೆ ಬೀಗರಿಬ್ಬರೂ ಸಹಿ ಹಾಕಿ, ಗಾಜಿನ ಚೌಕಟ್ಟು ಕಟ್ಟಿಸಿ ಗೋಡೆಗೇರಿಸಿದರು. ಮಗಳ ಮದುವೆಯ ಫೋಟೋಗೆ ಇವತ್ತಿಗೂ ಗಾಜಿಲ್ಲ.

ಫೋನು ಹೋಯಿತು. ಬೀಗರು ಗಾಳಿಗಿಂತ ಮುಂಚೆ ಬಂದಿಳಿದರು.

"ನನ್ನ ಮಗ ಸ್ವಲ್ಪ ಕೋಪಿಷ್ಠ ಬೀಗರೇ. ಆದ್ರೆ ಮನಸ್ಸು ಬೆಣ್ಣೆ."

"ನಂಗೊತ್ತಿಲ್ವಾ! ಇವಳ ಬಾಯೂ ಸ್ವಲ್ಪ ಉದ್ದಾನೇ."

"ಬಾಯಿ ಬಿಡಿ ಮಾವ, ಕೆನ್ನೆ ನೋಡಿ," ಎಂದಳು ಮಗಳು. ಇಬ್ಬರೂ ಟೈಮಿಂಗ್ ಹಾಳೆ ನೋಡಿದರು.

ಬೀಗರು ದಾನಶೂರ ಕರ್ಣನಂತೆ ಉದಾರವಾದರು. "ಇವಳು ಬೇಕಾದ್ರೆ ಇಲ್ಲೇ ಇರಲಿ. ಸಂಬಂಧ ಮಾತ್ರ ಮುರೀಬಾರ್ದು. ನಿಮ್ಮ ಚಿಕ್ಕವಳ ಓದು ಮುಗೀತಲ್ಲ? ನನ್ನ ಎರಡನೆಯವನೂ ಖಾಲಿ ಕೂತಿದ್ದಾನೆ."

ಅಪ್ಪನ ಮುಖ ಹೆಡ್‌ಲೈಟಿನಂತೆ ಹೊತ್ತಿಕೊಂಡಿತು. "ಎಂಥಾ ತಲೆ ಬೀಗರೇ ನಿಮ್ಮದು!"

ಪಕ್ಕದ ಮೇಜಿನಲ್ಲಿ ಟಿಕೆಟ್ ಪುಸ್ತಕ ಜೋಡಿಸುತ್ತಿದ್ದ ಚಿಕ್ಕವಳ ಕೈ ಅಲ್ಲೇ ನಿಂತಿತು. ತನ್ನ ಕೆನ್ನೆಗೆ ಬಿದ್ದಾಗಲೂ ಅಳದ ಅಕ್ಕ, ತಂಗಿಯ ನುಣುಪು ಕೆನ್ನೆ ನೋಡಿ ಪೆಟ್ಟಿಗೆ ಎತ್ತಿಕೊಂಡಳು.

"ಚಪ್ಪಲಿ ಹಾಕ್ಕೋ, ನಡಿ."

"ಎಲ್ಲಿಗೆ ಅಕ್ಕಾ?"

"ಮೊದಲು ಬಸ್ಸು ಹತ್ತು. ಊರು ಆಮೇಲೆ ಕೇಳುವಿಯಂತೆ."

ಹೊರಗೆ ಬೀಗರಿಬ್ಬರದೂ ಅಲ್ಲದ ಯಾವುದೋ ಹೊಚ್ಚಹೊಸ ಹಸಿರು ಬಸ್ಸು ಬಂದು ನಿಂತಿತ್ತು. ಅಕ್ಕ ತಂಗಿಯರು ಹತ್ತಿದ್ದೇ ತಡ, ಹೊರಟೇಬಿಟ್ಟಿತು. ಬೀಗರಿಬ್ಬರೂ ಬರಿಗಾಲಲ್ಲಿ ಬೀದಿಗೆ ಓಡಿಬಂದರು. ಧೂಳಿನ ನಡುವೆ ನಿಂತು ಅಪ್ಪ ಎದೆ ಎದೆ ಬಡಿದುಕೊಂಡ:

"ಅಯ್ಯಯ್ಯೋ, ನಮ್ಮಿಬ್ಬರ ಮಧ್ಯೆ ಆ ಬಸ್ಸಿಗೆ ಈ ಟೈಮು ಕೊಟ್ಟೋರು ಯಾರ್ರೀ?"