ಪಟ್ಟಿಯಲ್ಲಿದ್ದ ಹೆಸರು

'ದ' ಅಕ್ಷರದ ಕೆಳಗೆ ದೇರಣ್ಣ ಮಾಷ್ಟ್ರ ಹೆಸರಿರಲಿಲ್ಲ. ಅಲ್ಲಿಯ ಮನೆಮಾತಾದ ಅರೆಭಾಷೆಯ ಪದಗಳ ಮೇಲಿನ ಆ ಪ್ರಬಂಧ ಧಾರವಾಡದಿಂದ ಈಗಷ್ಟೇ ರಿಜಿಸ್ಟರ್ ಟಪಾಲಿನಲ್ಲಿ ಬಂದಿತ್ತು. ಅವರು ನೇರ ಕೊನೆಯ ಆಧಾರಪಟ್ಟಿಗೇ ಹೋಗಿದ್ದರು. ಹೆಸರಿಗೆ ಮೊದಲು ಊರ ಹೆಸರು ಹಾಕುವುದು ಇಲ್ಲಿಯ ಪದ್ಧತಿಯಾದ್ದರಿಂದ 'ಅ'ದಲ್ಲಿ ತಮ್ಮೂರು ಅಜ್ಜಾವರವನ್ನೂ ಹುಡುಕಿದರು. ಅಲ್ಲಿಯೂ ಇಲ್ಲ.

"ನಿಮ್ಮ ಹೆಸರು ಸಿಕ್ಕಿತಾ ಮಾಷ್ಟ್ರೆ?" ರಶೀದಿಗೆ ರುಜು ಬೇಕಿದ್ದ ಪೋಸ್ಟ್‌ಮ್ಯಾನ್ ದುಗ್ಗಪ್ಪ ಜಗಲಿಯಲ್ಲೇ ಕೂತಿದ್ದ. "ಆ ಧಾರವಾಡದವರು ಪದ ಕೇಳಿಕೊಂಡು ಬಂದಾಗ ಎರಡು ದಿನ ಹೇಳಿಕೊಟ್ಟದ್ದು ನೀವೇ ಅಲ್ವಾ?"

ಹೇಳಿಕೊಟ್ಟದ್ದು ಹೌದು, ಪುಸ್ತಕದ ಕನ್ನಡದಲ್ಲಿ. ಕಾಫಿ ತಂದ ಹೆಂಡತಿ ಬಾಗಿಲಲ್ಲಿ ನಿಂತು, "ಹಾಗೆ ನಮ್ಮಲ್ಲಿ ಯಾರೂ ಹೇಳುದಿಲ್ಲ" ಎಂದು ಒಂದೊಂದೇ ಪದ ತಿದ್ದಿದಾಗ, "ನಿನಗೆಂತ ಗೊತ್ತು, ಒಳಗೆ ಹೋಗು" ಎಂದು ಗದರಿದ್ದರು. ಸಂಶೋಧಕ ಮಾತ್ರ ಅಡುಗೆಮನೆಯ ಹೊಸ್ತಿಲವರೆಗೂ ಹೋಗಿ ಬರೆದುಕೊಂಡಿದ್ದ. ಅದಾಗಿ ಮೂರು ವರ್ಷ. ಅವಳು ತೀರಿಕೊಂಡು ಒಂದು ವರ್ಷ.

ಪುಟ ಮಗುಚಿದರು. 'ಸ'ದಲ್ಲಿ, ದೊಡ್ಡ ವಿದ್ವಾಂಸರ ಸಾಲಿನ ನಡುವೆ ಅಚ್ಚಾಗಿತ್ತು: ಸೇವಂತಿ, ಅಜ್ಜಾವರ. ಬಾಯಿಮಾತು, 1961.

"ನನ್ನ ಹೆಸರಿಲ್ಲ," ಎಂದರು.

"ಮತ್ತೆ ಯಾರದ್ದು ಉಂಟು?"

ಮೂವತ್ತು ವರ್ಷ ಅವಳನ್ನು 'ಹೋಯ್' ಎಂದೇ ಕರೆದವರು ಮಾಷ್ಟ್ರು; ಗಂಡ ಹೆಂಡತಿ ಹೆಸರು ಹಿಡಿದು ಕರೆಯುವುದು ಆ ಮನೆಯಲ್ಲಿ ಇರಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಸಾಲಿನ ಮೇಲೆ ಬೆರಳಿಟ್ಟು, "ಸೇವಂತಿ" ಎಂದು ಓದಿದರು. ಓದಿದ ಮೇಲೆ, ಒಳಗಿನಿಂದ ಓಗೊಡುವುದನ್ನು ಕಾಯುವವರಂತೆ ಅಡುಗೆಮನೆಯ ಕಡೆ ತಿರುಗಿದರು.