ಮಗನ ಮತಗಟ್ಟೆ

"ಬೆರಳು ಕೊಡಿ ಅಜ್ಜಿ," ಶಾಯಿ ಹಚ್ಚುವ ಟೀಚರಮ್ಮ ತಲೆ ಎತ್ತದೆ ಹೇಳಿದಳು. ಬೆಳಗಿನಿಂದ ಗುಟುಕು ನೀರು ಕುಡಿದಿರಲಿಲ್ಲ. ಕುಡಿದರೆ ಎದ್ದು ಹೋಗಬೇಕು. ಹೋಗೋಣವೆಂದರೆ ಶೌಚಾಲಯಕ್ಕೆ ಬೀಗ. ಪ್ರಜಾಪ್ರಭುತ್ವದ ಹಬ್ಬವಂತೆ, ಹಬ್ಬ ಮಾಡಿಸುವವರ ಗಂಟಲು ಮಾತ್ರ ಒಣಗಿತ್ತು.

ಅಜ್ಜಿ ಬೆರಳು ಕೊಡಲಿಲ್ಲ. ಮುಷ್ಟಿಯಲ್ಲಿದ್ದ ಮಾತ್ರೆಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಕೋಣೆಯೆಲ್ಲ ಕಣ್ಣಾಡಿಸಿದಳು.

"ನನ್ನ ಮಗ ಎಲ್ಲಿ? ಲೆಕ್ಕದ ಮೇಷ್ಟ್ರು. ವೋಟಿನ ಡ್ಯೂಟಿ ಅಂತ ನಿನ್ನೆ ನಸುಕಲ್ಲೇ ಓಡಿದ. ಎದೆನೋವಿನ ಮಾತ್ರೆ ಮನೇಲೇ ಮರೆತಿದಾನೆ."

"ಅಯ್ಯೋ, ಅವರವರ ಬೂತಿಗೆ ಅವರನ್ನ ಹಾಕಲ್ಲ ಅಜ್ಜಿ. ಬೇರೆ ಎಲ್ಲೋ ಇರ್ತಾರೆ."

"ಬೇರೆ ಅಂದ್ರೆ? ವೋಟು ಹಾಕೋದು ಇಲ್ಲೇ ತಾನೆ?"

ಸಾಲಿನಲ್ಲಿ ಯಾರೋ ನಕ್ಕರು. ಇನ್ಯಾರೋ, "ಅಜ್ಜಿ ಪುರಾಣ ಆಮೇಲಾಗಲಿ, ಬಿಸಿಲಲ್ಲಿ ನಿಂತಿದೀವಿ" ಎಂದು ರೇಗಿದರು. ಮತಗಟ್ಟೆಯ ಮುಖ್ಯಸ್ಥ ಹಣೆ ಚಚ್ಚಿಕೊಂಡ. "ಅವರು ಯಾವ ಬೂತೋ ನನಗೇನು ಗೊತ್ತು? ಎಲ್ಲರ ಫೋನೂ ಆಫ್. ಸಂಜೆ ಯಂತ್ರ ಒಪ್ಪಿಸೋ ಜಾಗಕ್ಕೆ ಎಲ್ಲರೂ ಬರ್ತೀವಲ್ಲ, ಅಲ್ಲೇ ಕೊಟ್ಟರಾಯ್ತು."

ಟೀಚರಮ್ಮನಿಗೂ ಸಾಕುಸಾಕಾಗಿತ್ತು. "ಒಂದು ದಿನ ತಪ್ಪಿದ್ರೆ ಏನೂ ಆಗಲ್ಲ ಅಜ್ಜಿ. ನಾನೇ ಅವರ ಕೈಗೆ ಕೊಡ್ತೀನಿ. ಬೆರಳು ಕೊಡಿ."

ಅಜ್ಜಿ ನಂಬಿದಳು. ಬೆರಳು ಚಾಚುತ್ತಾ, "ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ. ನೀನೂ ಏನೂ ತಿಂದ ಹಾಗಿಲ್ಲ, ಮುಖ ಬಾಡಿಹೋಗಿದೆ" ಎಂದಳು. ಎರಡು ದಿನದಲ್ಲಿ ಅವಳನ್ನು ಹಾಗೆ ವಿಚಾರಿಸಿಕೊಂಡಿದ್ದು ಅದೊಂದೇ ಜೀವ. ಟೀಚರಮ್ಮನ ಕಣ್ಣು ತುಂಬಿತು.

ಸಂಜೆ ಯಂತ್ರ ಒಪ್ಪಿಸುವ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೊಟ್ಟಣ ಹಿಡಿದು ಟೀಚರಮ್ಮ ಕಂಡಕಂಡವರನ್ನೆಲ್ಲ ಕೇಳಿದಳು. ಕೊನೆಗೆ ಗೋಡೆಗೊರಗಿ ಕೂತಿದ್ದ ಗುಮಾಸ್ತನೊಬ್ಬ ತಲೆ ಎತ್ತಿದ.

"ಲೆಕ್ಕದ ಮೇಷ್ಟ್ರಾ? ನಮ್ಮ ಬೂತೇ ಮೇಡಂ. ಮಧ್ಯಾಹ್ನ ಎದೆ ಹಿಡ್ಕೊಂಡ್ರು. ಮಲಗಿ ಸಾರ್ ಅಂದ್ರೆ, ಈ ಸಾಲು ಮುಗೀಲಿ ಅಂದ್ರು. ಕೂತಲ್ಲೇ ಹೋಗ್ಬಿಟ್ರು." ಅವನು ಮುಖ ಒರೆಸಿಕೊಂಡ. "ಮನೆಗೆ ಇನ್ನೂ ಯಾರೂ ಹೇಳಿಲ್ಲ."

ಏನೂ ಆಗಲ್ಲ ಎಂದು ಅಜ್ಜಿಗೆ ಹೇಳಿದ್ದವಳು ತಾನೇ.

"ಮುಂದಿನವರು!" ಮೇಜಿನ ಆಚೆಯವನು ಕೂಗಿದ. "ತಂದಿದ್ದೆಲ್ಲ ಇಲ್ಲಿಡಿ, ಬೇಗ."

ಮುಖ್ಯಸ್ಥ ಯಂತ್ರ ಇಟ್ಟ. ಅವಳು ಶಾಯಿಯ ಬಾಟಲಿ ಇಟ್ಟಳು. ಪಕ್ಕದಲ್ಲಿ, ಗೊತ್ತಿಲ್ಲದೆಯೇ, ಮಾತ್ರೆಯ ಪೊಟ್ಟಣವನ್ನೂ ಇಟ್ಟಳು.

ಮೇಜಿನ ಆಚೆಯವನು ಪೊಟ್ಟಣವನ್ನು ತಿರುಗಿಸಿ ನೋಡಿ, ಅವಳತ್ತಲೇ ತಳ್ಳಿದ.

"ಇದನ್ನ ನಾವು ತಗೊಳ್ಳಲ್ಲ ಮೇಡಂ. ಯಾರದೋ ಅವರ ಮನೆಗೇ ತಲುಪಿಸಿಬಿಡಿ."